ಕ್ಷಮೆಯೆಂದರೆ ಬಿಟ್ಟುಬಿಡುವುದೇ?

ವೈರಿಗಾಗಿ ಪ್ರಾರ್ಥಿಸೆಂಬ ಕ್ರೈಸ್ತ ಬೋಧೆಯು ದುಷ್ಟರಿಗೆ ಬಾಗಿಲು ತೆರೆದಿಟ್ಟಂತೆ ಎಂದು ಹಳಿಯುವ ಬಂಧುಗಳು ನಮ್ಮಲ್ಲುಂಟು. ಅವರು ಸಂತ ಆಗಸ್ಟೀನನ ಪತ್ರಗಳನ್ನು ನೋಡಲಿ. ಉತ್ತರ ಆಫ್ರಿಕದಲ್ಲಿ ಡೊನಾಟಿಸ್ಟರೆಂಬ ಭಿನ್ನ ಪಂಗಡದ ಕೆಲವರು ಅವನ ಪಕ್ಷದ ಪಾದ್ರಿಯೊಬ್ಬನನ್ನು ಕೊಂದು, ಇನ್ನೊಬ್ಬನ ಕಣ್ಣು ಕಿತ್ತು, ಬೆರಳು ಕತ್ತರಿಸಿದ್ದರು. ವಿಚಾರಣಾಧಿಕಾರಿ ಮಾರ್ಸೆಲಿನಸನಿಗೆ ಕ್ರಿ.ಶ. 412ರ ಸುಮಾರಿಗೆ ಆಗಸ್ಟೀನನು ಬರೆದದ್ದೇನು? ಬಿಟ್ಟುಬಿಡೆಂದೇ? ಅಲ್ಲ. ಕೊಲ್ಲಿಸಬೇಡ, ಅಂಗಚ್ಛೇದ ಮಾಡಿಸಬೇಡ. ಮತ್ತೆ ಕೇಡೆಸಗದಂತೆ ತಡೆದು ದುಡಿಮೆಗೆ ಹಚ್ಚು ಎಂದು. ಭಕ್ತರಿಗೆ ರಕ್ಷಣೆಯೂ ಆಗಬೇಕು, ಅಪರಾಧಿಗೆ ಪಶ್ಚಾತ್ತಾಪಕ್ಕೆ ಆಯುಸ್ಸೂ ಉಳಿಯಬೇಕು. ಇದರಲ್ಲಿ ಹೇಡಿತನವೆಲ್ಲಿದೆ? ಡೊನಾಟಿಸ್ಟರನ್ನು ರಾಜಬಲದಿಂದ ತನ್ನ ಸಭೆಗೆ ಎಳೆತರುವುದನ್ನು ಅವನು ಸಮರ್ಥಿಸಿದ್ದನ್ನು ಮಾತ್ರ ನಾನು ಒಪ್ಪೆನು. 413ರಲ್ಲಿ ಮಾರ್ಸೆಲಿನಸನನ್ನೇ ರಾಜದ್ರೋಹಿಯೆಂದು ಕೊಲ್ಲಿಸಿದರು. ಆಗಲೂ ಆಗಸ್ಟೀನನು ಪ್ರಾಣಭಿಕ್ಷೆ ಬೇಡಿದ್ದನು.