ಮ್ಯಾನ್ಸ್‌ಫೀಲ್ಡ್ ತೀರ್ಪನ್ನು ಹಗುರ ಮಾಡಬೇಡಿ

ಲಾರ್ಡ್ ಮ್ಯಾನ್ಸ್‌ಫೀಲ್ಡ್ 1756ರಿಂದ 1788ರವರೆಗೆ ಇಂಗ್ಲೆಂಡಿನ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ. ಅವರನ್ನು ಗುಲಾಮರ ವಿಮೋಚಕ ಎನ್ನುವುದು ಅತಿಯಾಯಿತು ಎಂದು ಟೀಕಾಕಾರರು ಹೇಳಿದರೆ ನನ್ನ ತಕರಾರಿಲ್ಲ. ಆದರೆ ಓಡಿಹೋಗಿ ಸಿಕ್ಕಿಬಿದ್ದ ಗುಲಾಮ ಸಾಮರ್‌ಸೆಟ್‌ನ ಮೊಕದ್ದಮೆಯಲ್ಲಿ ಅವರಿತ್ತ 1772ರ ತೀರ್ಪು ಅಂಜುಬುರುಕನದು, ಅದರಿಂದ ಏನೂ ಆಗಲಿಲ್ಲ ಎಂಬ ಮಾತನ್ನು ಒಪ್ಪಲಾರೆ.

ಅವರು ವಿಚಾರಣೆಯನ್ನು ಎಳೆದರು, ರಾಜಿಗೆ ಒತ್ತಾಯಿಸಿದರು ಎನ್ನುತ್ತಾರೆ. ನಿಜವೇ. ದೇಶದಲ್ಲಿದ್ದ ಹದಿನಾಲ್ಕು ಹದಿನೈದು ಸಾವಿರ ಗುಲಾಮರಿಗೆ ತಲಾ 50 ಪೌಂಡ್ ಹಿಡಿದರೆ ಮಾಲೀಕರಿಗೆ 7 ಲಕ್ಷ ಪೌಂಡಿಗೂ ಮಿಕ್ಕಿ ನಷ್ಟ ಎಂದು ಪೀಠದಲ್ಲೇ ಲೆಕ್ಕ ಹೇಳಿದ್ದರು. ರಾಜಿ ಆಗಲಿಲ್ಲ. ಆ ಲೆಕ್ಕ ಕಣ್ಣೆದುರಿಗಿದ್ದೂ ಜೂನ್ 22ರಂದು ಸಾಮರ್‌ಸೆಟ್‌ನನ್ನು ಬಿಡಿಸಿದರು. ಅಂಜಿದವರು ಹೀಗೆ ಮಾಡುವುದಿಲ್ಲ.

ಮನೆಯಲ್ಲಿ ಬೆಳೆಸಿದ ಕಪ್ಪು ಹುಡುಗಿ ಡೈಡೊ ಮೇಲಿನ ಮಮತೆಯಿಂದ ಹೀಗೆ ತೀರ್ಪಿತ್ತರು ಎಂಬುದು ಆ ಕಾಲದ ತೋಟದ ಮಾಲೀಕರ ಗೊಣಗಾಟ. ಅದನ್ನು ಇಂದಿಗೂ ಹೊತ್ತು ತರುವವರು ತೀರ್ಪಿನ ತರ್ಕದಲ್ಲಿ ದೋಷ ತೋರಿಸಲಿ.

ಗಟ್ಟಿಯಾದ ಆಕ್ಷೇಪವೆಂದರೆ ಜಾಂಗ್ ಹಡಗಿನದು. ನೂರಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತ ಸಮುದ್ರಕ್ಕೆ ಎಸೆದು ವಿಮೆಯ ಹಣ ಕೇಳಿದ ಮೊಕದ್ದಮೆ ಅದು. 1783ರಲ್ಲಿ ಮ್ಯಾನ್ಸ್‌ಫೀಲ್ಡ್, ಕಾನೂನಿನ ಮಟ್ಟಿಗೆ ಇದು ಕುದುರೆಗಳನ್ನು ಎಸೆದಂತೆಯೇ ಎಂದರು. ಆ ಮಾತು ಅಸಹ್ಯ. ಅದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ಹಡಗಿನವರ ಪರ ಬಂದ ಜ್ಯೂರಿಯ ನಿರ್ಣಯವನ್ನು ಬದಿಗಿಟ್ಟು ಮರುವಿಚಾರಣೆಗೆ ಆದೇಶಿಸಿದ ಪೀಠದ ಮುಖ್ಯಸ್ಥರೂ ಅವರೇ. ಕುಡಿಯುವ ನೀರು ಸಾಲದಾಗಿದ್ದರಿಂದ ಎಸೆದೆವು ಎಂಬ ಹಡಗಿನವರ ನೆಪ, ನಡುವೆ ಮಳೆ ಸುರಿದ ಸಂಗತಿ ಹೊರಬಿದ್ದಾಗ ನಿಲ್ಲಲಿಲ್ಲ. ಟೀಕಾಕಾರರು ಕುದುರೆಯ ಮಾತು ಹೇಳಿ ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು, ಸಾಮರ್‌ಸೆಟ್ ತೀರ್ಪು ತೀರಾ ಸಂಕುಚಿತ ಎಂಬ ವಾದ. ಗುಲಾಮನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಸಾಗಿಸುವಂತಿಲ್ಲ, ತೀರ್ಪು ಹೇಳಿದ್ದು ಅಷ್ಟೇ ಎನ್ನುತ್ತಾರೆ. ‘ಅಷ್ಟೇ’ ಎನ್ನುವ ಮೊದಲು ಸಾಮರ್‌ಸೆಟ್ ಎಲ್ಲಿದ್ದ ಎಂದು ನೋಡಬೇಕು. ಮಾಲೀಕ ಸ್ಟೂವರ್ಟ್‌ನನ್ನು ಬಿಟ್ಟು ಓಡಿಹೋದವನನ್ನು ಹಿಡಿದು, ಜಮೈಕಾದಲ್ಲಿ ಮಾರಲೆಂದು ಥೇಮ್ಸ್ ನದಿಯಲ್ಲಿ ನಿಂತ ಹಡಗಿನಲ್ಲಿ ಬೇಡಿ ತೊಡಿಸಿ ಇಟ್ಟಿದ್ದರು. ಕಬ್ಬಿನ ತೋಟಕ್ಕೆ ಕಳಿಸುತ್ತೇನೆ ಎಂಬ ಬೆದರಿಕೆಯೇ ಲಂಡನ್ನಿನ ಮಾಲೀಕರ ಕೈಯಲ್ಲಿದ್ದ ದೊಡ್ಡ ಅಸ್ತ್ರ. ಅದು ಹೋದ ಮೇಲೆ ಬಾಗಿಲು ದಾಟಿ ಹೋದ ಆಳನ್ನು ಮರಳಿ ಎಳೆತರುವುದು ಹೇಗೆ? ಜೊತೆಗೆ, ಗುಲಾಮಗಿರಿ ಎಷ್ಟು ಹೇಯವೆಂದರೆ ಸ್ಪಷ್ಟ ಶಾಸನದ ಹೊರತು ಬೇರಾವುದೂ ಅದನ್ನು ಎತ್ತಿಹಿಡಿಯಲಾರದು ಎಂದೂ ಅವರು ಸಾರಿದರು. ಈ ತತ್ವ ಲಂಡನ್ನಿನಲ್ಲೇ ಉಳಿಯಲಿಲ್ಲ. 1836ರಲ್ಲಿ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ ಲೆಮ್ಯುಯಲ್ ಶಾ ಇದನ್ನೇ ಆಧಾರವಾಗಿಟ್ಟುಕೊಂಡು, ಮಾಲಕಿಯೊಬ್ಬಳು ಲೂಯಿಸಿಯಾನದಿಂದ ಬಾಸ್ಟನ್ನಿಗೆ ಕರೆತಂದಿದ್ದ ಆರು ವರ್ಷದ ಬಾಲಕಿಯನ್ನು ಬಿಡುಗಡೆ ಮಾಡಿದರು.