ಕಾಚಂಪುಳಿ ನಮ್ಮದು, ಸಂಶೋಧನೆ ಯಾರದ್ದೋ

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಹೇಳಿದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕೊಡಗು ವಿವಿಯೂ ಇತ್ತು. ದುಡ್ಡಿಲ್ಲ ಎಂಬುದು ಕಾರಣ. ನಾವೂ ಪ್ರತಿಭಟನೆಯ ಫೋಟೊ ಕಳಿಸಿದೆವು, ಎರಡು ಕಾಲಂ ಸುದ್ದಿ ಬಂತು. ಚಿಕ್ಕ ಅಳುವಾರದ ಆ ಕ್ಯಾಂಪಸ್ಸಿನಲ್ಲಿ ಏನು ಕಲಿಸುತ್ತಾರೆ, ಕಲಿತವರು ಎಲ್ಲಿಗೆ ಹೋಗಬಹುದು ಎಂದು ಮಾತ್ರ ಯಾರೂ ಬರೆಯಲಿಲ್ಲ.

ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಕಾಲದಿಂದಲೇ ಅಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಇದೆ. ನಮ್ಮ ಕಡೆ ಆ ವಿಷಯ ಅಂದರೆ ರಕ್ತ ಪರೀಕ್ಷೆಯ ಲ್ಯಾಬ್ ಕೆಲಸ ಎಂದೇ ತಿಳಿವಳಿಕೆ. ಮಿಲಿಟರಿ, ಹಾಕಿ, ನರ್ಸಿಂಗ್, ತೋಟ: ಇಷ್ಟರಾಚೆ ಮಕ್ಕಳಿಗೆ ಇನ್ನೊಂದು ದಾರಿ ತೋರಿಸುವ ಅಭ್ಯಾಸ ನಮಗಿಲ್ಲ.

ಪಂದಿಕರಿಗೆ ಹಾಕುವ ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿ ಸೀಸೆಗೆ ತುಂಬುತ್ತೇವೆ. ಆ ಹುಳಿ ಯಾವ ಆಮ್ಲದ್ದೆಂದು ಸರಿಯಾಗಿ ಗುರುತಿಸಿದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ, 1965ರಲ್ಲಿ. ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಾಲ್ಕು ವರ್ಷದ ನಂತರ ಅಮೆರಿಕದವರು ಅದು ಒಂದು ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. ಹೆಚ್ಚಾದ ಸಕ್ಕರೆಯನ್ನು ದೇಹ ಕೊಬ್ಬು ಮಾಡಿಟ್ಟುಕೊಳ್ಳುವಾಗ ಬೇಕಾಗುವ ಕಿಣ್ವ ಅದು. ಅಲ್ಲಿಂದ ತೂಕ ಇಳಿಸುವ ಮಾತ್ರೆಗಳ ಮಾರುಕಟ್ಟೆಯೇ ಎದ್ದಿತು. (1998ರ ಪರೀಕ್ಷೆಯೊಂದರಲ್ಲಿ ಹುಸಿಮಾತ್ರೆ ನುಂಗಿದವರಿಗಿಂತ ಇವರ ತೂಕ ಹೆಚ್ಚೇನೂ ಇಳಿಯಲಿಲ್ಲ, ಮಾರಾಟ ಮಾತ್ರ ನಿಂತಿಲ್ಲ.) 2019ರಲ್ಲಿ ಆ ಕಿಣ್ವದ ಆಕಾರವನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದರು. 2020ರಲ್ಲಿ ಅಮೆರಿಕ ಒಪ್ಪಿದ ಬೆಂಪಿಡೋಯಿಕ್ ಆಮ್ಲ ಎಂಬ ಕೊಲೆಸ್ಟ್ರಾಲ್ ಔಷಧ ತಡೆಯುವುದೂ ಇದೇ ಕಿಣ್ವವನ್ನು.

ಕಾಫಿಯದೂ ಅದೇ ಕಥೆ. ರೊಬಸ್ಟಾ ಗಿಡ ಕೆಫೀನ್ ತಯಾರಿಸುವ ಎರಡು ಕಿಣ್ವಗಳ ಆಕಾರ 2007ರಲ್ಲಿ ಪ್ರಕಟವಾಯಿತು, ಫ್ರಾನ್ಸಿನಿಂದ.

ಇದನ್ನೆಲ್ಲ ಕೇಳಿ ‘ಅದಕ್ಕೆ ಫಾರಿನ್ನಿಗೇ ಹೋಗಬೇಕು’ ಅನ್ನುವವರಿದ್ದಾರೆ. ಬೇಡ. ಪ್ರೋಟೀನಿನ ಆಕಾರ ಸರಿಯಿದೆಯೇ ಎಂದು ಜಗತ್ತು ಇವತ್ತಿಗೂ ತಾಳೆ ನೋಡುವುದು 1963ರ ರಾಮಚಂದ್ರನ್ ನಕ್ಷೆಯಲ್ಲಿ. ಅದನ್ನು ಕೊಟ್ಟ ಜಿ.ಎನ್. ರಾಮಚಂದ್ರನ್ ಮದ್ರಾಸಿನಿಂದ ಬಂದು ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಟ್ಟಿದ ವಿಭಾಗ ಈಗಲೂ ಪಿಎಚ್‌.ಡಿ.ಗೆ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಕ್ರಯೋ ಯಂತ್ರ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿದೆ. ಸಿಎಫ್‌ಟಿಆರ್‌ಐಗೆ ಕುಶಾಲನಗರದಿಂದ ಎರಡು–ಎರಡೂವರೆ ಗಂಟೆಯ ಬಸ್ಸು. ಸಿಎಸ್‌ಐಆರ್ ನೆಟ್, ಗೇಟ್, ಎನ್‌ಸಿಬಿಎಸ್ಸಿಗೆ ಜೆಜೀಬಿಲ್ಸ್: ಇವು ಬಾಗಿಲುಗಳು. ಜೆಆರ್‌ಎಫ್ ಸಿಕ್ಕರೆ 2023ರ ದರದಂತೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಸುದ್ದಿಗಿಷ್ಟು ಎಂದು ಎಣಿಸಿಕೊಳ್ಳುವ ನಮಗಂತೂ ಅದು ದೊಡ್ಡ ಮೊತ್ತ. ಸುಲಭ ಎನ್ನುತ್ತಿಲ್ಲ. ಪಿಎಚ್‌.ಡಿ.ಗೆ ಐದಾರು ವರ್ಷ ಬೇಕು, ಮುಂದೆ ಕಾಯಂ ಹುದ್ದೆ ಕಡಿಮೆ. ಆದರೆ ಔಷಧ ಕಂಪನಿಗಳೂ ಈ ಕೆಲಸ ಬಲ್ಲವರನ್ನು ಹುಡುಕುತ್ತವೆ. ಬಯೋಕಾನ್ 1978ರಲ್ಲಿ ಶುರುವಾಗಿದ್ದೇ ಪರಂಗಿ ಹಾಲಿನ ಕಿಣ್ವ ತೆಗೆಯುವುದರಿಂದ.

ಕಲಿಯಲು ಮೊದಲೇ ಕೋಟಿಯ ಯಂತ್ರವೂ ಬೇಡ. ಪ್ರೋಟೀನ್ ಡೇಟಾ ಬ್ಯಾಂಕ್ ಉಚಿತ. 2024ರ ರಸಾಯನಶಾಸ್ತ್ರ ನೊಬೆಲ್‌ಗೆ ಕಾರಣವಾದ ಆಲ್ಫಾಫೋಲ್ಡ್ ಲೆಕ್ಕ ಹಾಕಿಟ್ಟ 20 ಕೋಟಿ ಪ್ರೋಟೀನುಗಳ ಆಕಾರವೂ ಉಚಿತ. ಒಂದು ಲ್ಯಾಪ್‌ಟಾಪ್, ಕರೆಂಟು, ನೆಟ್‌ವರ್ಕ್ ಸಾಕು. ಮಳೆಗಾಲದಲ್ಲಿ ಕೊನೆಯ ಎರಡು ನಮ್ಮಲ್ಲಿ ಸಿಗುವುದಿಲ್ಲ ಎನ್ನುವುದು ಬೇರೆ ಮಾತು, ಅದೂ ಸರಕಾರದ್ದೇ ಬಾಕಿ.

‘ಮುಚ್ಚಿದರೇನಾಯಿತು, ಮಕ್ಕಳು ಕೊಣಾಜೆಗೆ ಹೋಗಲಿ’ ಎನ್ನುವವರಿಗೆ 2018ರ ಆಗಸ್ಟ್ ನೆನಪಿರಬೇಕು. ಜೋಡುಪಾಲದಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಹಾಸ್ಟೆಲ್ ಖರ್ಚು ಹೊರಲಾರದ ಲೈನ್‌ಮನೆಯ ಹುಡುಗಿ ಚಿಕ್ಕ ಅಳುವಾರಕ್ಕೆ ಬಸ್ಸಿನಲ್ಲಿ ಹೋಗಿ ಬರಬಲ್ಲಳು, ಕೊಣಾಜೆಗಲ್ಲ.

ಮುಂದಿನ ಪತ್ರಿಕಾಗೋಷ್ಠಿಯಲ್ಲಿ ಉಸ್ತುವಾರಿ ಸಚಿವರಿಗೆ ನಾವು ಕೇಳುವುದು ಎರಡೇ ಪ್ರಶ್ನೆ. ಆ ಎಂ.ಎಸ್ಸಿ. ಮಕ್ಕಳನ್ನು ವರ್ಷಕ್ಕೊಂದು ತಿಂಗಳು ಸಿಎಫ್‌ಟಿಆರ್‌ಐ ಲ್ಯಾಬಿನಲ್ಲಿ ಕೂರಿಸಲು ಎಷ್ಟು ಖರ್ಚಾಗುತ್ತದೆ? ಮುಚ್ಚುವ ಲೆಕ್ಕ ಹಾಕಿದವರು ಈ ಲೆಕ್ಕವನ್ನೂ ಹಾಕಿದ್ದಾರೆಯೇ?