ಲೋಳೆಯ ಕೋಟೆ

ಬಚ್ಚಲ ಕಲ್ಲನ್ನು ನಾಲ್ಕು ದಿನ ಉಜ್ಜದೆ ಬಿಟ್ಟರೆ ಲೋಳೆ ಕಟ್ಟುತ್ತದೆ. ಬರಿಯ ನೀರು ಸುರಿದರೆ ಅದು ಹೋಗದು. ತೆಂಗಿನ ನಾರು ಹಿಡಿದು ತಿಕ್ಕಿಯೇ ತೀರಬೇಕೆಂಬುದು ಗೃಹಿಣಿಯರೆಲ್ಲ ಬಲ್ಲ ಸಂಗತಿ. ಇಂಥದೇ ಲೋಳೆ ರೋಗಿಯ ಶ್ವಾಸಕೋಶದಲ್ಲೋ ಕೃತಕ ಮಂಡಿಯ ಮೇಲೋ ಕಟ್ಟಿಕೊಂಡರೆ ತಿಕ್ಕುವವರಾರು?

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್‌ 1680ರ ದಶಕದಲ್ಲಿಯೇ ತಾನು ಮಸೆದ ಮಸೂರದಿಂದ ತನ್ನ ಹಲ್ಲಿನ ಕಿಟ್ಟವನ್ನು ಪರೀಕ್ಷಿಸಿದನು. ವಿನಿಗರಿನಿಂದ ಹಲ್ಲು ತೊಳೆದಾಗ ಕಿಟ್ಟದ ಹೊರಗಿನ ಜೀವಿಗಳಷ್ಟೇ ಸತ್ತುವು, ಒಳಗಿನವು ಸುಖವಾಗಿದ್ದುವು.

ಇಂದಿನ ವೈದ್ಯರ ಪೇಚೂ ಇದೇ. ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಗಳು ಆಂಟಿಬಯೋಟಿಕ್‌ ಔಷಧಕ್ಕೆ ಬೇಗನೆ ಬಲಿಯಾಗುತ್ತವೆ. ಅವೇ ಒಂದೆಡೆ ನೆಲೆಯೂರಿ, ಸಕ್ಕರೆಯ ಜಾತಿಯ ಅಂಟನ್ನು ಸ್ರವಿಸಿ ಪೊರೆ ಹೊದ್ದುವೆಂದರೆ, ಔಷಧವನ್ನು ನೂರು, ಕೆಲವೊಮ್ಮೆ ಸಾವಿರ ಪಟ್ಟು ಏರಿಸಬೇಕಾದೀತು. ಅಷ್ಟನ್ನು ತಾಳುವ ಮೂತ್ರಪಿಂಡ ಯಾರಿಗಿದೆ? ಅಮಿಕಾಸಿನ್‌, ಟೋಬ್ರಾಮೈಸಿನ್‌ಗಳ ಪಾಡಂತೂ ವಿಚಿತ್ರ. ಅವುಗಳಲ್ಲಿರುವುದು ಧನ ವಿದ್ಯುದಂಶ, ಪೊರೆಯಲ್ಲಿರುವುದು ಋಣ. ಆದುದರಿಂದ ಹೆಬ್ಬಾಗಿಲಲ್ಲಿಯೇ ಅಂಟಿಕೊಂಡು ನಿಲ್ಲುತ್ತವೆ. ಒಳಗೆ ನುಸುಳಿದ ಅಲ್ಪಸ್ವಲ್ಪಕ್ಕೂ ಪೂರ್ಣ ಜಯವಿಲ್ಲ. ಆಳದಲ್ಲಿ ನಿದ್ರಿಸುತ್ತಿರುವ ರೋಗಾಣುಗಳ ಮೇಲೆ ಬಹುಪಾಲು ಔಷಧಗಳು ನಾಟುವುದಿಲ್ಲ. ಗುಣವಾಯಿತೆಂದು ಮನೆಗೆ ಬಂದ ರೋಗಿಗೆ ಕೆಲವು ವಾರಗಳಲ್ಲಿಯೇ ಜ್ವರ ಮರುಕಳಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಔಷಧಕ್ಕೆ ವೇಷ ತೊಡಿಸಬಾರದೇಕೆ? ಕೊಬ್ಬಿನ ಜಾತಿಯ ವಸ್ತುವಿನಿಂದ ಪುಟ್ಟ ಗುಳ್ಳೆಗಳನ್ನು ಮಾಡಿ, ಕಡುಬಿನೊಳಗೆ ಹೂರಣವಿಟ್ಟಂತೆ ಅವುಗಳಲ್ಲಿ ಅಮಿಕಾಸಿನನ್ನು ತುಂಬಿದರು. ಗುಳ್ಳೆಯ ಅಡ್ಡಳತೆ ಸುಮಾರು 300 ನ್ಯಾನೊಮೀಟರ್‌. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೊಮೀಟರ್‌. ತಲೆಗೂದಲಿನ ದಪ್ಪವೇ 80,000ದ ಆಸುಪಾಸು. ವಿದ್ಯುದಂಶದ ಸೆಳೆತಕ್ಕೆ ಸಿಕ್ಕದ ಈ ಗುಳ್ಳೆಗಳು ಸ್ಯೂಡೊಮೊನಾಸ್‌ ಎಂಬ ರೋಗಾಣುವಿನ ಪೊರೆಯೊಳಕ್ಕೆ ಇಳಿದುದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು.

2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದನ್ನು ಉಸಿರಿನೊಡನೆ ಸೇವಿಸಲು ಅನುಮತಿಯಿತ್ತರು. ಅದೂ ಎಲ್ಲರಿಗಲ್ಲ, ಕ್ಷಯದ ರೋಗಾಣುವಿನ ದಾಯಾದಿಯೊಂದು ಶ್ವಾಸಕೋಶದಲ್ಲಿ ಬೀಡುಬಿಟ್ಟು, ಬೇರೆ ಚಿಕಿತ್ಸೆ ಫಲಿಸದವರಿಗೆ ಮಾತ್ರ. ಧ್ವನಿ ಒಡೆಯುವುದು, ಕೆಮ್ಮು, ಉಬ್ಬಸ ಮುಂತಾದ ತೊಂದರೆಗಳೂ ಇಲ್ಲದಿಲ್ಲ.

ಕೃತಕ ಮಂಡಿಯ ಲೋಳೆಗೆ ಇಂಥ ಗುಳ್ಳೆ ಇನ್ನೂ ವಾಡಿಕೆಯ ಮದ್ದಾಗಿಲ್ಲ. ಅಲ್ಲಿ ಶಸ್ತ್ರವೈದ್ಯರು ಇಂದಿಗೂ ಕೀಲನ್ನು ಬಿಚ್ಚಿ ತೊಳೆಯುತ್ತಾರೆ. ಪೊರೆ ಹಳತಾಗಿದ್ದರೆ, ಹಾಕಿದ ಲೋಹವನ್ನೇ ಹೊರತೆಗೆಯುತ್ತಾರೆ.